ಕೆರೆ ಕೊಟ್ಟ ಗಡುವು

ಮೊಟ್ಟೆಯಿಡಲು ಮನೆ ಕಟ್ಟಬೇಕಿದ್ದ ಕುಂಬಾರ ಹುಳ ಕೆರೆಯ ಬಳಿ ಮಣ್ಣು ಬೇಡಿತು.

"ಬೇಕಾದಷ್ಟು ಒಯ್ಯು, ಮಗಳೇ. ಆದರೆ ದಡದ ಹಸಿ ಆರುವುದರೊಳಗೆ ಮನೆ ಮುಗಿದಿರಲಿ," ಎಂದಿತು ಕೆರೆ.

ಕೊಡುವ ಕೈ ಗಡುವು ಯಾಕೆ ಹಾಕುತ್ತದೆ? ಹುಳಕ್ಕೆ ಅದೇ ಕುತೂಹಲ. ಗಡುವು ಮಣ್ಣು ಸಾಗಿಸುವುದಕ್ಕೆ ಇರಬೇಕು ಎಂದುಕೊಂಡು ಅದು ಉಂಡೆ ಉಂಡೆಯಾಗಿ ಹೊತ್ತು ತಂದು ಊರಿನ ಒಂದು ಗೋಡೆಯ ಮೂಲೆಯಲ್ಲಿ ಗುಡ್ಡೆ ಹಾಕಿತು. ಆಮೇಲೆ ಮನೆಗೆ ಒಳ್ಳೆಯ ಜಾಗ ಹುಡುಕುತ್ತ ಊರೆಲ್ಲ ಸುತ್ತಿತು.

ಜಾಗ ಸಿಗುವ ಹೊತ್ತಿಗೆ ದಡ ಬಿರುಕು ಬಿಟ್ಟಿತ್ತು. ಗುಡ್ಡೆಯೂ ಕಲ್ಲಾಗಿತ್ತು, ಒಂದು ಚೂರೂ ಕೀಳಲು ಬರಲಿಲ್ಲ. ಮೊಟ್ಟೆ ತುಂಬಿದ ಹೊಟ್ಟೆ ಹೊತ್ತು ಹುಳ ಮತ್ತೆ ಕೆರೆಗೆ ಹಾರಿತು.

"ಕೆರೆಯಮ್ಮ, ನೀನು ಕೊಟ್ಟ ಮಣ್ಣು ನನ್ನ ಹತ್ತಿರವೇ ಇದೆಯಲ್ಲ, ಮತ್ತೆ ಮನೆ ಕಟ್ಟಲು ಯಾಕೆ ಆಗುತ್ತಿಲ್ಲ?"

"ಮಣ್ಣು ಊರಲ್ಲೆಲ್ಲ ಇದೆ, ಮಗಳೇ. ನಾನು ಕೊಟ್ಟಿದ್ದು ಹಸಿಯನ್ನು."