ಗೋಡೆ ಮತ್ತು ಆಸರೆಗಂಬ

ಪೇಟೆಯಲ್ಲಿ ನೆಲದಡಿಯ ಮೆಟ್ರೋ ನಿಲ್ದಾಣಕ್ಕಾಗಿ ಅಗೆಯತೊಡಗಿದಾಗಿನಿಂದ ದರ್ಜಿ ನಾಗೋಜಿಯ ಅಂಗಡಿಯ ಮುದಿಗೋಡೆ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿತ್ತು. ಬುಡದಲ್ಲಿ ಬಿರುಕು ಬಿಟ್ಟಿತ್ತು. ಯಾರಾದರೂ ಕಂಡರೆ ಕೆಡವಿಬಿಟ್ಟಾರೆಂದು ಅದನ್ನು ಸುಣ್ಣದ ಮರೆಯಲ್ಲಿ ಅಡಗಿಸಿಕೊಂಡಿತ್ತು.

ಕೆಲಸಗಾರರು ಉಕ್ಕಿನ ಆಸರೆಗಂಬವೊಂದನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು.

"ಅಜ್ಜೀ, ಎಲ್ಲಿ ಹಿಡಿಯಲಿ?" ಎಂದು ಕಂಬ ಕೇಳಿತು.

"ಎಲ್ಲೂ ಬೇಡ. ನನಗೇನಾಗಿದೆ?" ಎಂದಿತು ಗೋಡೆ.

ಅಷ್ಟರಲ್ಲಿ ಕೆಳಗೆ ಯಂತ್ರ ಗುಡುಗಿತು. ಬಿರುಕು ಒಂದು ಗೇಣು ಮೇಲೇರಿತು. ಒಳಗೆ ನಾಗೋಜಿ ಏನೂ ಅರಿಯದೆ ಅದೇ ಗೋಡೆಗೆ ಬೆನ್ನು ಕೊಟ್ಟು ರವಿಕೆ ಹೊಲಿಯುತ್ತಿದ್ದ.

ಗೋಡೆಗೆ ತಡೆಯಲಾಗಲಿಲ್ಲ. "ಬುಡದಲ್ಲಿ ಸೀಳಿದೆಯಪ್ಪಾ, ಎಡಗಡೆ! ಬೇಗ ಹಿಡಿ! ಆಮೇಲೆ ಬೇಕಾದರೆ ಕೆಡವಲಿ!"

ಕಂಬ ಅಲ್ಲಿಗೇ ಹೆಗಲು ಕೊಟ್ಟಿತು. "ಕೆಡವುವುದಿದ್ದರೆ ನನ್ನನ್ನೇಕೆ ಕಳಿಸುತ್ತಿದ್ದರು, ಅಜ್ಜೀ?"

ಯಂತ್ರ ಮತ್ತೆ ಗುಡುಗಿತು. ಗೋಡೆ ಅಡಿಯಿಂದ ಮುಡಿಯವರೆಗೆ ನಡುಗಿತು; ಆದರೆ ಬೀಳಲಿಲ್ಲ.