ಆಯ್ತು ಎಂಬ ಮಾತು

ಒಡೆದು ಕಳಿಸಿದ ಕಡತದ ಕೊನೆಯ ತುಂಡು ಡಿಸ್ಕಿನಲ್ಲಿ ಅಚ್ಚಾಗುವ ತನಕ ಯಾರೂ ‘ಆಯ್ತು’ ಅನ್ನಕೂಡದು. ಅದು ಆ ಕಂಪ್ಯೂಟರಿನ ಕಟ್ಟಳೆ.

ಒಂದು ದಿನ ಮೆಮೊರಿಯ ಮಡಿಲಿಗೆ ಅಜ್ಜಿಯೊಬ್ಬಳು ಹಾಡಿದ ಸೋಬಾನೆ ಪದ ಬಂತು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಇಡಿಯಾಗಿ ಡಿಸ್ಕಿನ ಬಾಯಿಗೆ ಹಿಡಿಸದೆಂದು, ದೊಡ್ಡದನ್ನು ಒಡೆದು ಕೊಡುವ ಕತ್ತರಿ ಎಂಬವನು ಅದನ್ನು ತುಂಡು ಮಾಡಿ ಉಣಿಸಹೋದ. ಅರೆಗಳಿಗೆಯಲ್ಲೇ ತಿರುಗಿ ಬಂದ.

“ಆಯ್ತು ಅಕ್ಕ, ನಿಮ್ಮಲ್ಲಿರುವುದನ್ನು ಅಳಿಸಿಬಿಡಿ.”

ಇಷ್ಟು ಬೇಗ? ಮೆಮೊರಿಗೆ ಗುಮಾನಿ ಹುಟ್ಟಿತು. “ಆಯ್ತು ಅಂದರೆ ಮುಗಿಯಿತು ಅಂತಲೋ, ಮುಗಿಸುತ್ತೇನೆ ಅಂತಲೋ?”

“ಡಿಸ್ಕಪ್ಪ ಆಯ್ತು ಅಂದ, ನಾನೂ ಆಯ್ತು ಅಂದೆ. ವ್ಯಾಕರಣ ನನಗೇಕೆ?”

“ಹಾಗಾದರೆ ಡಿಸ್ಕಪ್ಪ, ಪದದ ಕೊನೆಯ ನುಡಿ ಹಾಡಿ ತೋರಿಸು.”

ಡಿಸ್ಕಪ್ಪ ತುಂಬಿದ ಬಾಯಲ್ಲೇ ತೊದಲಿದ: “ಆಯ್ತಕ್ಕ, ಇದಿಷ್ಟು ನುಂಗಿದ ಮೇಲೆ ಹಾಡುತ್ತೇನೆ.”

ಹಿಂದೆ ಸರದಿಯಲ್ಲಿ ನಿಂತಿದ್ದ ಕಡತಗಳು ಕೂಗಿದವು: “ಜಾಗ ಬಿಡಿ ಅಕ್ಕ! ಎಲ್ಲರೂ ಆಯ್ತು ಅಂದಾಯ್ತಲ್ಲ, ನಿಮ್ಮದೊಂದೇ ಬಾಕಿ!”

ಮೆಮೊರಿ ಆಯ್ತು ಅನ್ನಲಿಲ್ಲ. ಪದವನ್ನು ಸೆರಗಿನಲ್ಲಿ ಗಂಟು ಹಾಕಿ, ಗಂಟಿನ ಮೇಲೆ ಎರಡೂ ಕೈಯಿಟ್ಟು, ಕೂತಲ್ಲೇ ಕೂತಳು.