ಮೊಡವೆಗೆ ಬಳಿದ ವಿಭೂತಿ

ಎಲ್ಲರ ಮುಖವನ್ನೂ ಮಾಡಿ, ತನಗೊಂದು ಮುಖ ಬೇಡವೆಂದು ಲಿಂಗವಾಗಿ ಕುಳಿತ ಶಿವನಿಗೆ ಶರಣು. ಆತನನ್ನು ನೆನೆದು ಈ ಕಥೆಯನ್ನು ಹೇಳುತ್ತೇನೆ. ಸವಿಯಿದ್ದರೆ ಆತನದು, ತಪ್ಪಿದ್ದರೆ ನನ್ನದು.

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಅಲ್ಲಿ ಉಳವಯ್ಯನವರೆಂಬ ವೃದ್ಧ ಗುರುಗಳಿದ್ದರು. ಮಠದ ಹುಡುಗರೂ ಬಂದುಹೋಗುವ ಭಕ್ತರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಹುಡುಗರಲ್ಲಿ ಅಡಿವೆಪ್ಪ ಎಂಬುವನು ಚಿಕ್ಕಂದಿನಲ್ಲೇ ಬಂದು ಮಠ ಸೇರಿದವನು. ಅಜ್ಜಾರ ಸೇವೆ ಅವನ ಪಾಲಿಗೆ ಬಂದಿತ್ತು. ನಸುಕಿನಲ್ಲಿ ಅವರ ಪಾದ ತೊಳೆಯುವುದು, ಮರದ ಪಾವುಗೆ ಒರೆಸಿಡುವುದು, ಪೂಜೆಗೆ ಅಣಿ ಮಾಡುವುದು.

ಅಡಿವೆಪ್ಪನಿಗೆ ಹರೆಯ ಬಂತು. ದನಿ ಒಡೆಯಿತು. ಮೀಸೆ ಚಿಗುರುವ ಮೊದಲೇ ಮುಖದ ತುಂಬ ಮೊಡವೆ ಎದ್ದವು.

ಜೊತೆಗೆ ಓದುವ ಗಿರಿಮಲ್ಲ ಒಂದು ದಿನ ಎಲ್ಲರ ಮುಂದೆ ಅಂದ: "ಏನಲೇ ಅಡಿವೆಪ್ಪ, ಮುಖದಾಗ ತೊಗರಿ ಬಿತ್ತೀಯೇನು? ಸಾಲು ಭಾಳ ಹತ್ರ ಆಗ್ಯಾವ ನೋಡಪಾ."

ಹುಡುಗರು ನಕ್ಕರು. ಅಡಿವೆಪ್ಪನೂ ನಕ್ಕ. ಆಮೇಲೆ ದನದ ಕೊಟ್ಟಿಗೆಯ ಹಿಂದೆ ಹೋಗಿ, ಕಣ್ಣಲ್ಲಿ ನೀರು ಬರುವ ಹಾಗೆ ಒಂದೊಂದನ್ನೇ ಚಿವುಟಿದ.

ಮೊಡವೆ ಒಡೆದು ಹುಣ್ಣಾದವು. ಪಕ್ಕದಲ್ಲಿ ಹೊಸವು ಎದ್ದವು.

ಪೂಜೆಯ ಹಿತ್ತಾಳೆ ದೀಪಗಳನ್ನು ಹುಣಸೆಹುಳಿಯಿಂದ ತಿಕ್ಕಿ ಬೆಳಗುವುದು ಅವನದೇ ಕೆಲಸವಾಗಿತ್ತು. ಹಿತ್ತಾಳೆಯ ಕಿಲುಬು ಹೋಗುವುದಾದರೆ ಇದೂ ಹೋದೀತು ಎಂದುಕೊಂಡು ಅದೇ ಹುಳಿಯಿಂದ ಮುಖ ತಿಕ್ಕಿದ. ದೀಪ ಬೆಳಗಿತು. ಮುಖ ಉರಿಯಿತು.

ಕಡೆಗೆ ಅವನಿಗೆ ವಿಭೂತಿ ಕಂಡಿತು.

ಮೊದಲು ಎಲ್ಲರಂತೆ ಹಣೆಗೆ ಮೂರು ಬೆರಳು ಎಳೆಯುತ್ತಿದ್ದ. ಈಗ ಹಣೆಯ ತುಂಬ ಬಳಿದ. ಹಣೆಯ ಮೊಡವೆ ಮುಚ್ಚಿದವು. ಮರುದಿನ ಕೆನ್ನೆಗೂ ಬಳಿದ. ಆಮೇಲೆ ಗದ್ದಕ್ಕೆ, ಮೂಗಿಗೆ. ಕಣ್ಣೆರಡು ಬಿಟ್ಟು ಮುಖವೆಲ್ಲ ಬೆಳ್ಳಗಾಯಿತು.

ಮಠದಲ್ಲಿ ವಿಭೂತಿ ಹೆಚ್ಚಾಯಿತು ಎಂದು ಯಾರು ಅಂದಾರು?

ನಕ್ಕರೆ ಬಳಿದ ವಿಭೂತಿ ಬಿರಿಯುತ್ತಿತ್ತು. ಅದಕ್ಕೆ ನಗುವುದು ಬಿಟ್ಟ. ನೋಡುವವರು, ಎಂಥ ಗಾಂಭೀರ್ಯ ಅಂದರು.

ತಲೆ ಎತ್ತಿದರೆ ಕುತ್ತಿಗೆಯ ಮೇಲಿನ ಹುಣ್ಣು ಕಾಣುತ್ತಿತ್ತು. ಅದಕ್ಕೆ ತಲೆ ಬಗ್ಗಿಸಿ ನಡೆದ. ನೋಡುವವರು, ಎಂಥ ವಿನಯ ಅಂದರು.

ಊರ ಮುದುಕಿಯೊಬ್ಬಳು ಅವನ ಕಾಲಿಗೆ ಬಿದ್ದು ಎದ್ದು, "ಇಷ್ಟು ಎಳೆ ವಯಸ್ಸಿನಾಗ ಎಂಥಾ ವೈರಾಗ್ಯ ನನ ಯಪ್ಪಾ!" ಎಂದು ಕಣ್ಣೊರೆಸಿಕೊಂಡಳು. ಅಡಿವೆಪ್ಪ ಏನೂ ಅನ್ನಲಿಲ್ಲ. ಅವಳು ಅದನ್ನೂ ಮೌನವ್ರತವೆಂದು ತಿಳಿದಳು.

ಒಂದು ಮಧ್ಯಾಹ್ನ ಹುಡುಗರೆಲ್ಲ ಹೊಳೆಗೆ ಹಾರಿದರು. ನೀರು ತಾಗಿದರೆ ವಿಭೂತಿ ತೊಳೆದುಹೋಗುವುದೆಂದು ಅಡಿವೆಪ್ಪ ದಂಡೆಯ ಕಲ್ಲಿನ ಮೇಲೆ ಕುಳಿತ. ಬಿಸಿಲು ಸುಡುತ್ತಿತ್ತು. ನೀರಿನಲ್ಲಿ ಕೇಕೆ ಎದ್ದಿತು. ಹಾರಿಬಿಡಲೇ ಎಂದು ಒಂದು ಗಳಿಗೆ ಅನಿಸಿತು.

ಆಗ ಗಿರಿಮಲ್ಲ ಉಳಿದವರಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು: "ಗದ್ದಲ ಮಾಡಬ್ಯಾಡ್ರಲೇ. ಅವರು ಜಪ ಮಾಡಾಕ್ಹತ್ಯಾರ."

'ಅವರು' ಅಂದ ಗಿರಿಮಲ್ಲ. 'ಅವನು' ಅನ್ನಲಿಲ್ಲ.

ತೊಗರಿಯ ಚೇಷ್ಟೆ ಇದಕ್ಕಿಂತ ಎಷ್ಟೋ ಮೇಲಿತ್ತು ಎಂದು ಅಡಿವೆಪ್ಪನಿಗೆ ಅನಿಸಿತು. ಆದರೆ ಆ ಮಾತನ್ನು ಹೇಳಲು ಅವನ ಬಳಿ ಯಾರೂ ಉಳಿದಿರಲಿಲ್ಲ.

ಹೊಳೆಯ ಮೇಲ್ಗಡೆ ಒಂದು ಊರಿತ್ತು. ಅಲ್ಲಿಯ ಮಠದ ಸ್ವಾಮಿಗಳು ಲಿಂಗೈಕ್ಯರಾಗಿ ಗದ್ದುಗೆ ಬರಿದಾಗಿತ್ತು. ಆ ಊರ ಹಿರಿಯರಾದ ಕಲ್ಲನಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಅಜ್ಜಾರ ಬಳಿ ಬಂದರು.

"ಅಜ್ಜಾರ, ನಿಮ್ಮ ಮಠದಾಗ ಮೈತುಂಬ ವಿಭೂತಿ ಧರಿಸಿದ ಅಡಿವೆಪ್ಪ ಅನ್ನೂ ಒಬ್ಬ ಮರಿದೇವರು ಅದಾರಂತಲ್ರೀ. ನಗೂದಿಲ್ಲಂತ, ಮಾತಾಡೂದಿಲ್ಲಂತ. ಅವರನ್ನ ನಮ್ಮ ಊರಿಗೆ ಕೊಡ್ರಿ. ಪಟ್ಟ ಕಟ್ಟತೀವಿ."

ಪಟ್ಟವೆಂದರೆ ಜೀವಮಾನದ ಮಾತು. ಮನೆ, ಗೆಳೆಯರು, ಮದುವೆ, ಮಕ್ಕಳು, ಎಲ್ಲದರಿಂದ ಆಚೆ ಹೋಗುವುದು. ಒಮ್ಮೆ ಗದ್ದುಗೆ ಏರಿದವನು ಇಳಿದುಬಂದದ್ದಿಲ್ಲ.

"ಅವನ್ನ ಕೇಳತೀನಿ. ನಾಳೆ ಬರ್ರಿ," ಅಂದರು ಅಜ್ಜಾರು.

ಸಂಜೆ ಅಡಿವೆಪ್ಪನನ್ನು ಬಳಿಗೆ ಕರೆದರು. "ತಮ್ಮಾ, ಸ್ವಾಮಿ ಆಗ್ತೀಯೇನು?"

"ಆಗ್ತೀನ್ರಿ ಅಜ್ಜಾರ."

"ಶಿವ ಕರದನೇನು?"

ಅಡಿವೆಪ್ಪ ನೆಲ ನೋಡಿದ. ಗುರುವಿನ ಮುಂದೆ ಸುಳ್ಳು ಬರಲಿಲ್ಲ.

"ಇಲ್ರಿ. ಸ್ವಾಮಿಗಳ ಮುಖಾನ ಯಾರೂ ನೋಡೂದಿಲ್ರಿ. ಎಲ್ಲಾರೂ ಪಾದ ನೋಡ್ತಾರ. ಅದಕ್ಕ ಹೋಗ್ತೀನ್ರಿ."

ಅಜ್ಜಾರು ಕೈ ಚಾಚಿ ಅವನ ಕೆನ್ನೆ ಮುಟ್ಟಿದರು. ಅಡಿವೆಪ್ಪ ಚೀರಿ ಹಿಂದೆ ಸರಿದ. ಅವರ ಬೆರಳಿಗೆ ವಿಭೂತಿಯ ಹಕ್ಕಳೆ ಎದ್ದು ಬಂತು. ಅದರ ಹಿಂದೆ ಹಸಿ ಹಸಿಯಾದದ್ದೇನೋ ತಾಗಿತು. ಅಜ್ಜಾರು ಬೆರಳನ್ನು ಬೆರಳಿಗೆ ಉಜ್ಜಿ ನೋಡಿದರು.

"ಇದೇನೋ ಮಗನ?"

"ಮೊಡವಿ ರೀ. ಯಾವ ಜನ್ಮದ ಪಾಪಾನೋ ಗೊತ್ತಿಲ್ರಿ."

"ಪಾಪ ಮಾಡಾಕ ನಿನಗ ವ್ಯಾಳೆ ಎಲ್ಲಿತ್ತು? ಬೆಳಗಾದ್ರ ನನ್ನ ಪಾವುಗಿ ಒರಸ್ತಿ. ಇದು ಹರೇದ ಕೆಲಸ. ಬಾ, ಹತ್ರ ಕುಂದರು. ಈಗ ಕಣ್ಣು ಮುಚ್ಚು."

ಅಡಿವೆಪ್ಪ ಕಣ್ಣು ಮುಚ್ಚಿದ.

"ನನ್ನ ಪಾದ ಹೆಂಗದಾವು ಹೇಳು."

"ಬಲಗಾಲಿನ ಹಿಮ್ಮಡಿ ಒಡದೈತ್ರಿ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮ್ಯಾಲ ಹತ್ತಿ ಕುಂತೈತಿ. ಹೆಬ್ಬೆರಳಿನ ಉಗುರು ಕರ್ರಗ ಆಗೈತ್ರಿ, ಕಲ್ಲು ಬಡದಿತ್ತು."

"ಭೇಷ್. ಈಗ ನನ್ನ ಮುಖ ಹೆಂಗೈತಿ ಹೇಳು."

ಅಡಿವೆಪ್ಪ ನೆನಪಿನಲ್ಲಿ ಹುಡುಕಿದ.

"ಗಡ್ಡ ಐತ್ರಿ."

"ಗಡ್ಡ ಹೋತಕ್ಕೂ ಇರ್ತೈತಿ. ಮುಂದ ಹೇಳು."

ಮುಂದೆ ಅವನಿಗೆ ಏನೂ ತಿಳಿಯಲಿಲ್ಲ. ಇಷ್ಟು ವರ್ಷ ಕೂಡ ಇದ್ದು ಅಜ್ಜಾರ ಮುಖವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ತಲೆ ಎತ್ತಿ ನೋಡುವುದು ಅವಿನಯವೆಂದು ಬಂದ ದಿನವೇ ಹಿರಿಯ ಹುಡುಗರು ಕಲಿಸಿದ್ದರು.

"ಕಣ್ಣು ತಗಿ," ಅಂದರು ಅಜ್ಜಾರು. "ನೋಡು."

ಅಡಿವೆಪ್ಪ ನೋಡಿದ. ಸೋತ ಕೆನ್ನೆ. ಹುಬ್ಬಿನ ಬಿಳಿ ಕೂದಲು. ಅದರ ಕೆಳಗೆ ಎರಡು ಕಣ್ಣು. ಕಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆಯಂಥದ್ದು ಕಟ್ಟಿತ್ತು.

"ಅಜ್ಜಾರ! ಕಣ್ಣಿಗೆ ಪೊರಿ ಬಂದೈತಲ್ರೀ!"

"ಹೌದು."

"ಕಾಣ್ತೈತೇನ್ರಿ?"

"ಬೆಳಕು ಕಾಣ್ತೈತಿ. ಮಂದಿ ಮುಖ ಎಲ್ಲಾ ಬೆಳ್ಳಗ ಮಂಜಿನಂಗ ಕಾಣ್ತಾವು. ನಿನ್ನ ಮುಖಾನೂ ಹಂಗ ಅಂತ ತಿಳಕೊಂಡಿದ್ನಿ. ಗೌಡ್ರು ಹೇಳೂತನಕ ಇವ ವಿಭೂತಿ ಬಳಕೊಂಡು ಕುಂತಾನಂತ ನನಗೆಲ್ಲಿ ಗೊತ್ತಿತ್ತು?"

"ಯಾವಾಗಿಂದ್ರೀ ಇದು?"

"ಹೋದ ಬ್ಯಾಸಗಿಯಿಂದ."

"ಯಾರಿಗೂ ಹೇಳಲಿಲ್ಲಲ್ರೀ!"

ಅಜ್ಜಾರು ಮೆಲ್ಲಗೆ ನಕ್ಕರು. "ಯಾರರ ನೋಡಿ ಕೇಳ್ಯಾರು ಅಂತ ಕಾಯ್ತಿದ್ನಿ. ದಿನಾ ನೂರು ಮಂದಿ ಬಂದು ಪಾದ ಮುಟ್ಟಿ ಹೋಗ್ತಾರ."

ಅಡಿವೆಪ್ಪ ಅತ್ತ. ಕಣ್ಣೀರು ಕೆನ್ನೆಯ ಹುಣ್ಣಿನ ಮೇಲೆ ಇಳಿದು ಉರಿಯಿತು. ಇಬ್ಬರೂ ಕತ್ತಲಾಗುವ ತನಕ ಅಲ್ಲೇ ಕುಳಿತಿದ್ದರು.

ಬೆಳಗಾದ ಮೇಲೆ ಅಜ್ಜಾರು ಅವನ ಭುಜ ಹಿಡಿದು ಹೊಳೆಗೆ ಬಂದರು. ಕಲ್ಲಿನ ಮೇಲೆ ಕೂರಿಸಿ, ಬೊಗಸೆಯಲ್ಲಿ ನೀರು ತುಂಬಿ ಅವನ ಮುಖದ ಮೇಲೆ ಬಿಟ್ಟರು. ತಿಕ್ಕಲಿಲ್ಲ. ವಿಭೂತಿ ನೆನೆಯುವ ತನಕ ಕಾದು, ಮತ್ತೆ ಬಿಟ್ಟರು. ನೀರು ಬೆಳ್ಳಗಾಗಿ ಹರಿದುಹೋಯಿತು.

"ಲಿಂಗಕ್ಕ ನೀರು ಹಾಕೂವಾಗ ತಿಕ್ಕತೀಯೇನು?"

"ಇಲ್ರಿ."

"ಇದಕ್ಕೂ ತಿಕ್ಕಬ್ಯಾಡ. ಮುಂಜಾನೆ ಒಮ್ಮೆ, ಸಂಜಿಗೊಮ್ಮೆ ತಿಳಿನೀರಿನಾಗ ತೊಳಿ. ಬೆವತು ಬಂದ್ರ ಮತ್ತೊಮ್ಮೆ. ಅಷ್ಟ ಸಾಕು."

"ಹುಣಸಿಹುಳಿ ರೀ?"

"ಸಾರಿಗೆ ಹಾಕು."

ಅಡಿವೆಪ್ಪ ನಗಬೇಕೆಂದುಕೊಂಡ. ತುಟಿ ನೋಯಿತು.

"ಚಿವುಟಬ್ಯಾಡ," ಅಂದರು ಅಜ್ಜಾರು. "ಚಿವುಟಿದ್ದು ಹೋಗತೈತಿ, ಅದರ ಕಲೆ ಉಳೀತೈತಿ. ಸುಮ್ಮ ಸುಮ್ಮನ ಕೈ ಹಚ್ಚಿ ನೋಡ್ಕೋಬ್ಯಾಡ. ತಲಿಗೆ ಹಾಕಿದ ಎಣ್ಣಿ ಹಣಿಗೆ ಇಳಿಯದಂಗ ನೋಡ್ಕೊ. ಮುಖ ಒರಸೂ ಅರಿವಿ ನಿಂದು ನಿನಗ ಬ್ಯಾರೆ ಇರಲಿ, ಅದನ್ನ ಒಗದು ಬಿಸಲಿಗೆ ಹಾಕು. ತಲಿದಿಂಬಿನ ಅರಿವೀನೂ ಅಷ್ಟ. ಮಂದಿ ಹೇಳಿದ್ದೆಲ್ಲಾ ಮುಖಕ್ಕ ಬಳೀಬ್ಯಾಡ."

"ವಿಭೂತಿ ರೀ?"

"ಹುಣ್ಣು ಮಾಯೂತನಕ ಶಿವನ ಹೆಸರು ಹಣಿ ಮ್ಯಾಲಲ್ಲ, ಹಣಿಯೊಳಗ ಬರಕೋ. ಮಾಯಿದ ಮ್ಯಾಲ ಮೂರು ಬೆರಳು ಎಳಿ. ಶಿವನಿಗೆ ಅಷ್ಟು ಸಾಕಾಗತೈತಿ."

"ಹಿಂಗೆಲ್ಲಾ ಮಾಡಿದ್ರ ಹೋಗ್ತಾವೇನ್ರಿ?"

"ಕೆಲವು ಹೋಗ್ತಾವ. ಬೇರು ಇಳಿದು ನೋಯೂವಕ್ಕ ವೈದ್ಯರು ಬೇಕು. ಪ್ಯಾಟಿಯೊಳಗ ಚರ್ಮದ ವೈದ್ಯರು ಅದಾರ. ಅವರಿಗೆ ತೋರಸು. ಅವರು ಕೊಟ್ಟ ಔಷಧ ಒಂದ ದಿನಕ್ಕ ಕೆಲಸ ಮಾಡೂದಿಲ್ಲ. ಪೂಜಿ ಮಾಡಿದಂಗ ದಿನಾ ಹಚ್ಚಬೇಕು."

ಅಷ್ಟರಲ್ಲಿ ಗಿರಿಮಲ್ಲ ಕೊಡ ಹಿಡಿದು ನೀರಿಗೆ ಬಂದ. ತೊಳೆದ ಮುಖವನ್ನು ಕಂಡು ನಿಂತ. ಕೆಂಪಗೆ ಊದಿದ ಕೆನ್ನೆ, ಒಡೆದ ಹುಣ್ಣು, ಎಲ್ಲ ಬಿಸಿಲಿಗೆ ಬಿದ್ದಿದ್ದವು.

ಅಡಿವೆಪ್ಪ ಅವನನ್ನೇ ನೋಡಿದ. ಏನಾದರೂ ಅನ್ನಲಿ ಎಂದು ಕಾದ.

'ಲೇ' ಅನ್ನಬೇಕೋ 'ರೀ' ಅನ್ನಬೇಕೋ ಗಿರಿಮಲ್ಲನಿಗೆ ತಿಳಿಯಲಿಲ್ಲ. ಕೊಡ ತುಂಬಿಕೊಂಡು ಹಾಗೇ ಹೋದ.

ಕಲ್ಲನಗೌಡರು ಮಾತಿನಂತೆ ಬಂದರು. ಹೂವಿನ ಹಾರ, ಶಲ್ಯ, ಹಣ್ಣಿನ ಬುಟ್ಟಿ ತಂದಿದ್ದರು. ಅಜ್ಜಾರ ಪಕ್ಕದಲ್ಲಿ ನಿಂತಿದ್ದ ಹುಡುಗನ ಕೈಗೆ ಬುಟ್ಟಿ ಕೊಟ್ಟು, "ತಮ್ಮಾ, ಇದನ್ನ ಒಳಗಿಟ್ಟು ಮರಿದೇವರನ್ನ ಕರಕೊಂಡು ಬಾ," ಅಂದರು.

ಹುಡುಗ ಬುಟ್ಟಿ ಹಿಡಿದು ನಿಂತೇ ಇದ್ದ.

"ನಿಂತೀಯಲ್ಲಪಾ, ಹೋಗು."

"ನಾನ ರೀ ಅವ," ಅಂದ ಅಡಿವೆಪ್ಪ.

ಗೌಡರು ಅವನ ಮುಖ ನೋಡಿದರು. ಹಿಂದೆ ನಿಂತವರ ಕಡೆ ತಿರುಗಿದರು. ಮತ್ತೆ ಅವನನ್ನು ನೋಡಿದರು.

"ಮೊಡವಿ ಮುಚ್ಚಿಕೊಳ್ಳಾಕ ವಿಭೂತಿ ಬಳಕೊಂಡಿದ್ನಿರಿ. ವೈರಾಗ್ಯ ಏನೂ ಇಲ್ರಿ ನನಗ."

ಗೌಡರು ಕೆಟ್ಟವರಲ್ಲ. ಊರಿಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂಬ ಚಿಂತೆ ಅವರದು. ಶಲ್ಯ ಬಿಚ್ಚುತ್ತಾ ಅಂದರು:

"ಆದದ್ದಾತು ಬಿಡ್ರಿ. ನಮ್ಮೂರ ಮಂದಿ ಇದನ್ನೇನು ಕಂಡಾರು? ಮತ್ತ ಬಳಕೊಂಡ್ರಾತು. ಗದ್ದುಗಿ ಮ್ಯಾಲ ಕುಂತ್ರ ಯಾರು ಮುಖ ನೋಡ್ತಾರ?"

ಅಡಿವೆಪ್ಪ ಸುತ್ತ ನೋಡಿದ. ಬಾಗಿಲ ಬಳಿ ಹುಡುಗರು ಗುಂಪುಗೂಡಿ ತನ್ನನ್ನೇ ನೋಡುತ್ತಿದ್ದರು. ಗೌಡರ ಕೈಯಲ್ಲಿ ಶಲ್ಯ ಬಿಚ್ಚಿಕೊಂಡಿತ್ತು. ಹೊದ್ದುಕೊಂಡರೆ ಸಾಕು, ಈ ಕಣ್ಣುಗಳೆಲ್ಲ ಕೆಳಗಿಳಿಯುತ್ತವೆ.

ಅವನು ಅಜ್ಜಾರ ಕಡೆ ತಿರುಗಿದ. ಅವರು ಎತ್ತಲೋ ನೋಡುತ್ತಿದ್ದರು. ಮಂಜು ಕವಿದ ಆ ಕಣ್ಣುಗಳಿಗೆ ಹಾರ ಯಾವುದು, ಜನ ಯಾರು ಎಂಬುದು ತಿಳಿಯುತ್ತಿರಲಿಲ್ಲ. ಅಷ್ಟು ಜನರ ನಡುವೆ ಅವರೊಬ್ಬರೇ ಇದ್ದ ಹಾಗಿತ್ತು.

"ನಾ ಬರೂದಿಲ್ರಿ ಗೌಡ್ರ," ಅಂದ ಅಡಿವೆಪ್ಪ. "ಅಜ್ಜಾರ ಕಣ್ಣಿಗೆ ಪೊರಿ ಬಂದೈತ್ರಿ. ಪ್ಯಾಟಿಗೆ ಕರಕೊಂಡು ಹೋಗಬೇಕು."

"ಏನಂದಿ?" ಗೌಡರು ಬೆಚ್ಚಿದರು. ಅಂದು ಮೊದಲ ಸಲ ಅವರು ಅಜ್ಜಾರ ಮುಖವನ್ನು ನೋಡಿದರು.

ಶಲ್ಯವನ್ನು ಮಡಚಿಕೊಂಡು ಅವರು ಹೋದರು. ಹಣ್ಣಿನ ಬುಟ್ಟಿಯನ್ನು ಮಾತ್ರ ಬಿಟ್ಟು ಹೋದರು.

ಮರುದಿನ ಗುರು ಶಿಷ್ಯರು ಪೇಟೆಯ ದಾರಿ ಹಿಡಿದರು. ಅಡಿವೆಪ್ಪ ಮುಂದೆ, ಅವನ ಭುಜದ ಮೇಲೆ ಕೈಯಿಟ್ಟು ಅಜ್ಜಾರು ಹಿಂದೆ. ಸಂತೆಗೆ ಹೊರಟ ಜನ ಎದುರಾದರು. ಅಜ್ಜಾರ ಪಾದ ಮುಟ್ಟಲು ಬಗ್ಗಿದವರು ಏಳುವಾಗ ಅಡಿವೆಪ್ಪನ ಮುಖ ಕಂಡು ತಡೆದು ನಿಲ್ಲುತ್ತಿದ್ದರು. ಒಂದು ಕೂಸು ಬೆರಳು ಮಾಡಿ ತೋರಿಸಿತು. ಅದರ ತಾಯಿ ಬೆರಳನ್ನು ಹಿಡಿದು ಕೆಳಗಿಳಿಸಿದಳು.

ಅಡಿವೆಪ್ಪನ ಕಾಲು ನಿಧಾನವಾದವು. ತಲೆ ಮತ್ತೆ ಬಗ್ಗಿತು.

"ಅಜ್ಜಾರ," ಅಂದ. "ಎಲ್ಲಾರೂ ನನ್ನ ಮುಖಾನ ನೋಡಾಕ್ಹತ್ಯಾರ್ರಿ."

ಭುಜದ ಮೇಲಿನ ಕೈ ಅಲುಗಲಿಲ್ಲ.

"ನನಗ ಕಾಣೂದಿಲ್ಲ ತಮ್ಮಾ," ಅಂದರು ಅಜ್ಜಾರು. "ನೀನ ತಲಿ ಎತ್ತಿ ನೋಡಿ ಹೇಳು, ಅವರ ಮುಖ ಹೆಂಗದಾವು?"

ಇದನ್ನು ಓದಿದವರಿಗೂ, ಕೇಳಿದವರಿಗೂ, ಅವರ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೂ ಶಿವನ ಕರುಣೆ ತಂಪಾಗಿ ತಾಗಲಿ. ಒಂಟಿಯಾಗಿ ಕುಳಿತವರ ಪಕ್ಕದಲ್ಲಿ ಆತನೇ ಬಂದು ಕೂರಲಿ.